‘ಕರೆಂಟ್ ಬರವಲ್ದು’: ಹಳೇ ಯೆಜ್ಡಿಯಲ್ಲಿ ಕಿಡಿ ಹುಡುಕುವ ಕ್ರಮ

ಅಕ್ಕಲಕೋಟ, ಜತ್ತ ಕಡೆ ಗಾಡಿ ಚಾಲೂ ಆಗದಿದ್ರೆ ಗ್ಯಾರೇಜಿನವರು ‘ಕರೆಂಟ್ ಬರವಲ್ದು’ ಅಂತಾರ. ಇಲ್ಲಿ ಕರೆಂಟ್ ಅಂದ್ರೆ ಪ್ಲಗ್ಗಿನ ತುದಿಯ ಕಿಡಿ. ಅದನ್ನು ಬರೀ ವಿದ್ಯುತ್ ಅಂತ ತಿಳಿದವರು ನೋಡದೇ ಬ್ಯಾಟರಿ ಬದಲಿಸ್ತಾರ. ದೋಷ ಅಲ್ಲೇ ಉಳೀತದ.

ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿಯ, ಪಾಯಿಂಟ್ ಇರುವ ಹಳೇ ಮಾದರಿಯನ್ನು ನೋಡೋಣ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ನಿಗೆ ತಾಗುವಂತೆ ಇಟ್ಟು ಕಿಕ್ ಹೊಡೀಬೇಕು. ಪ್ಲಗ್ಗಿನ ತೂತಿನಿಂದ ದೂರ ಇಡ್ರಿ, ಅಲ್ಲಿ ಪೆಟ್ರೋಲ್ ಆವಿ ಇರ್ತದ. ಗಟ್ಟಿ ನೀಲಿ ಕಿಡಿ ಬಂದ್ರೆ ಕಾರ್ಬೊರೇಟರ್ ಕಡೆ ಹೋಗ್ರಿ. ಬರದಿದ್ರೆ ಹೊಸ ಪ್ಲಗ್ ಹಾಕಿ ನೋಡ್ರಿ.

ಆಗಲೂ ಇಲ್ಲವೆ? ಹಾರ್ನ್ ಸಣ್ಣಗಾಗಿದ್ರೆ 6 ವೋಲ್ಟ್ ಬ್ಯಾಟರಿ, ಫ್ಯೂಸ್, ಅರ್ಥ್ ವೈರ್ ನೋಡ್ರಿ. ಅವು ಸರಿಯಿದ್ರೆ ಪಾಯಿಂಟ್ ಒರೆಸಿ, ಸಂದು ಸುಮಾರು 0.4 ಮಿ.ಮೀ. ಇಡಬೇಕು. ಪಾಯಿಂಟ್ ಪದೇ ಪದೇ ಸುಡ್ತಿದ್ರೆ ಕಂಡೆನ್ಸರ್ ಮೇಲೆ ಅನುಮಾನ. ತಣ್ಣಗಿದ್ದಾಗ ಓಡಿ ಬಿಸಿಯಾದ ಮೇಲೆ ನಿಂತ್ರೆ ಕಂಡೆನ್ಸರ್ ಇಲ್ಲವೇ ಕಾಯಿಲ್. ಕಾಯಿಲ್ ಖರ್ಚಿನ ಮಾತು, ಕೊನೆಗೇ ಬದಲಿಸ್ರಿ.

ಗಡಿನಾಡ ಕಸುಬಿನ ಪದ ಸಂಗ್ರಹಿಸುವ ನಾವು ‘ಕರೆಂಟ್’ ಪಕ್ಕ ಈ ಪರೀಕ್ಷೆಯನ್ನೂ ಬರೆದಿಡಬೇಕು. ಅದಿಲ್ಲದೆ ಪದದ ಅರ್ಥ ಅರ್ಧ.