‘ನೂರ್’ ಎಂದರೆ ನೂರಲ್ಲ

ಭಟ್ಕಳ, ಹೊನ್ನಾವರ, ಕುಮಟಾಗಳ ಶಾಲೆಗಳ ಹಾಜರಿ ಪುಸ್ತಕದಲ್ಲಿ ‘ನೂರ್’, ‘ಜಾನ್’, ‘ಯಶ್’ ಎಂಬಂಥ ಹೆಸರುಗಳು ನಿಮಗೆ ಸಿಗಬಹುದು. ಉಚ್ಚರಿಸಿ ನೋಡಿ: ಸ್ವರ ಒಂದೇ, ಹಾಗಾಗಿ ಉಚ್ಚಾರಾಂಶವೂ ಒಂದೇ. ‘ರಾಮ’ದಲ್ಲಾದರೋ ಎರಡು.

ಇಂಥ ಹೆಸರು ಕನ್ನಡದಲ್ಲಿ ವಿರಳವೇಕೆ? ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ತವೆ. ಹೊರಗಿನಿಂದ ಬಂದ ‘ಕಾರ್’ ನಮ್ಮ ಬಾಯಲ್ಲಿ ‘ಕಾರು’. ಸಂಸ್ಕೃತದ ‘ಶ್ರೀ’ಯಾದರೋ ಸ್ವರಾಂತವಾಗಿಯೂ ಒಂದೇ ಉಚ್ಚಾರಾಂಶದ್ದು. ಅರ್ಥ ಸಂಪತ್ತು, ಲಕ್ಷ್ಮಿ.

‘ಯಶ್’ನ ಮೂಲ ಸಂಸ್ಕೃತದ ‘ಯಶಸ್’, ಅಂದರೆ ಕೀರ್ತಿ. ‘ಜಾನ್’ ಹೀಬ್ರೂವಿನ ‘ಯೋಹಾನಾನ್’; ದೇವರು ಕೃಪಾಳು ಎಂದರ್ಥ. ‘ನೂರ್’ ಅರಬ್ಬಿ ಪದ, ಬೆಳಕು. ಅರಬ್ಬಿ ವರ್ತಕರ ಹಡಗುಗಳು ಬರುತ್ತಿದ್ದ ಭಟ್ಕಳಕ್ಕೆ ಈ ಭಾಷೆ ಹೊಸದಲ್ಲ.

ಅಭ್ಯಾಸಬಲದಿಂದ ‘ಉ’ ಸೇರಿಸಿದಿರೋ, ಬೆಳಕು ಹೋಗಿ ಸಂಖ್ಯೆ ಉಳಿಯುತ್ತದೆ: ‘ನೂರು’! ಸಹಪಾಠಿಯನ್ನು ಕರೆಯುವಾಗ ಕೊನೆಯ ವ್ಯಂಜನದಲ್ಲೇ ನಿಲ್ಲಿಸಿ.