ಪಾದವೇ ಅಳತೆಯಾಗಲಿ

ಬಲವಂತದ ಬೂಟನ್ನು ಕಳಚುವುದು ಸುಲಭ. ಅದರ ಜಾಗಕ್ಕೆ ಸ್ವಂತ ಇಷ್ಟದಿಂದ ಒಂದು ಜೊತೆ ಮೆಟ್ಟನ್ನು ಆರಿಸುವುದು ಅಷ್ಟು ಸುಲಭವಲ್ಲ. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ ನಮಗೆ ಪರಿಚಿತರಾದ ಹಿರಿಯರೊಬ್ಬರ ಅನುಭವ ಇದನ್ನು ನಮಗೆ ಮನಗಾಣಿಸಿತು.

ಅವರು ಕಬ್ಬಿಣದ ಅದಿರಿನ ಗಣಿಯಲ್ಲಿ ವರ್ಷಗಟ್ಟಲೆ ದುಡಿದವರು. 1961ರ ಲೋಹ ಗಣಿಗಳ ನಿಯಮಾವಳಿಯಂತೆ ರಕ್ಷಣಾ ಪಾದರಕ್ಷೆಯಿಲ್ಲದೆ ಅಲ್ಲಿ ಕಾಲಿಡುವಂತಿರಲಿಲ್ಲ. ಇಂತಹ ಬೂಟಿನ ತುದಿಯಲ್ಲಿರುವ ಗಟ್ಟಿ ಕವಚವು 200 ಜೂಲ್ ಹೊಡೆತವನ್ನು, ಅಂದರೆ ಸುಮಾರು 20 ಕಿಲೋ ತೂಕದ ವಸ್ತು ಒಂದು ಮೀಟರ್ ಎತ್ತರದಿಂದ ಬಿದ್ದಾಗಿನ ಪೆಟ್ಟನ್ನು, ತಡೆಯಬೇಕು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅನೇಕರ ಬೂಟುಗಳು ಒಮ್ಮೆಲೇ ಮೂಲೆ ಸೇರಿದವು. ಈ ಹಿರಿಯರೂ ಶೇಂಗಾ ಹೊಲಕ್ಕೆ ಮರಳಿದರು.

ಮಗಳ ಮದುವೆಗೆಂದು ಅವರು ಹೊಳೆಯುವ, ಚೂಪು ಮೂತಿಯ ಷೂ ಕೊಂಡರು. "ಫಾದರ್, ಗಣಿಯಲ್ಲಿ ಕಾಲಿನ ನಂಬರ್ ಕೇಳುತ್ತಿದ್ದರು, ಅಂಗಡಿಯಲ್ಲಿ ಯಾವುದು ಇಷ್ಟ ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ. ಬೀಗರು ನೋಡಿ ಮೆಚ್ಚಲಿ ಅಂತ ಇದನ್ನೇ ತಂದೆ" ಎಂದರು. ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿತ್ತು. ಷೂ ಕಚ್ಚಿದ್ದು ತಿಳಿಯಲೇ ಇಲ್ಲ. ಬೊಬ್ಬೆ ಹುಣ್ಣಾಯಿತು, ಹುಣ್ಣು ಮಾಯಲು ತಿಂಗಳುಗಳೇ ಬೇಕಾದವು.

ಆದುದರಿಂದ ಕೆಲವು ಮಾತುಗಳು. ವಯಸ್ಸಾದಂತೆ ಪಾದ ಅಗಲವಾಗುತ್ತದೆ. ಹಳೆಯ ನಂಬರನ್ನು ನೆಚ್ಚದೆ ನಿಂತುಕೊಂಡು ಎರಡೂ ಪಾದಗಳನ್ನು ಅಳೆಸಬೇಕು, ದೊಡ್ಡ ಪಾದಕ್ಕೆ ಹೊಂದುವುದನ್ನು ಕೊಳ್ಳಬೇಕು. ಪಾದ ತುಸು ಊದಿಕೊಂಡಿರುವ ಸಂಜೆಯ ಹೊತ್ತು ಅಂಗಡಿಗೆ ಹೋಗುವುದು ಲೇಸು. ಬೆರಳ ತುದಿಯ ಮುಂದೆ ಅರ್ಧ ಅಂಗುಲ ಜಾಗವಿರಲಿ, ಹಿಮ್ಮಡಿ ಜಾರದಿರಲಿ. ಬಳ್ಳಾರಿ ಜಾಲಿಯ ಮುಳ್ಳು ಹರಡಿದ ನಮ್ಮ ಬಯಲಿಗೆ ತೆಳು ಹವಾಯಿ ಚಪ್ಪಲಿ ಸಾಲದು, ದಪ್ಪ ಅಟ್ಟೆ ಬೇಕು. ಸಕ್ಕರೆ ಕಾಯಿಲೆಯವರಿಗೆ ಬೆರಳ ಸಂದಿಯಲ್ಲಿ ಪಟ್ಟಿ ಬರುವ ಚಪ್ಪಲಿ ತರವಲ್ಲ. ಅವರು ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ ನೋಡಬೇಕು. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಮನೆಯವರಿಗೆ ತೋರಿಸಬೇಕು. ಹೊಸದನ್ನು ಮೊದಲ ದಿನಗಳಲ್ಲಿ ಒಂದೆರಡು ಗಂಟೆ ಮಾತ್ರ ಧರಿಸುವುದು ಒಳಿತು.

ಗುಲಾಮನಾಗಿದ್ದು ಅನಂತರ ಬಿಡುಗಡೆ ಪಡೆದ ತತ್ವಜ್ಞಾನಿ ಎಪಿಕ್ಟೆಟಸ್ ಸುಮಾರು 1,900 ವರ್ಷಗಳ ಹಿಂದೆ ಪಾದರಕ್ಷೆಯ ದೃಷ್ಟಾಂತವನ್ನೇ ಕೊಟ್ಟಿದ್ದ: ಪಾದದ ಅಗತ್ಯವೇ ಅಳತೆಯಾಗಿರುವ ತನಕ ಮನುಷ್ಯ ಕ್ಷೇಮ, ಆ ಅಳತೆ ದಾಟಿದರೆ ಚಿನ್ನದ ಲೇಪ, ಕಸೂತಿ ಎಂದು ಬಯಕೆಗೆ ಕೊನೆಯಿಲ್ಲ. ಬೇರೊಬ್ಬರ ಅಪ್ಪಣೆಯಿಂದ ಬಿಡುಗಡೆಯಾಗಿ ಬೇರೊಬ್ಬರ ಕಣ್ಣಿಗೆ ಅಧೀನರಾದರೆ ಅದು ಸ್ವಾತಂತ್ರ್ಯವೇ?

ಈಗ ಆ ಹಿರಿಯರು ಅಗಲ ಮೂತಿಯ, ಹಿಂಬದಿ ಪಟ್ಟಿಯ ಚಪ್ಪಲಿಯಲ್ಲಿ ಹೊಲಕ್ಕೂ ಹೋಗುತ್ತಾರೆ, ಭಾನುವಾರದ ಪೂಜೆಗೂ ಬರುತ್ತಾರೆ. ನಮ್ಮ ಕುಟುಂಬಗಳಲ್ಲಿ ದುಡಿದು ದಣಿದ ತಂದೆಯರಿದ್ದಾರೆ. ಅವರ ಕೈಗೆ ಹಣವಿತ್ತು ಕಳಿಸುವುದರ ಬದಲು ಮಕ್ಕಳು ಜೊತೆಗೆ ಹೋಗಲಿ. ಬೆಲೆ ಕೇಳುವ ಮುನ್ನ ಅವರ ಪಾದವನ್ನೊಮ್ಮೆ ನೋಡಲಿ.