ಸಾಲ ವಸೂಲಿಯ ಹೆಸರಿನಲ್ಲಿ ಬೆದರಿಕೆ ಕರೆ: ನಕಲಿ ಏಜೆಂಟರನ್ನು ಗುರುತಿಸುವುದು ಹೇಗೆ?

ಅಜ್ಜಂಪುರ ತಾಲ್ಲೂಕಿನ ಶಿವನಿಯಲ್ಲಿ ಒಬ್ಬರು ಅಂಗಡಿ ಇಟ್ಟುಕೊಂಡಿದ್ದಾರೆ ಎಂದುಕೊಳ್ಳಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನ್ ಬರುತ್ತದೆ. "ನಿಮ್ಮ ತಮ್ಮನ ಮಗ ಸಾಲ ತೆಗೆದುಕೊಂಡು ಕಟ್ಟಿಲ್ಲ, ನೀವು ಜಾಮೀನು. ಕೋರ್ಟಿನಿಂದ ವಾರೆಂಟ್ ಆಗಿದೆ. ಸಂಜೆಯೊಳಗೆ 18,000 ರೂಪಾಯಿ ಹಾಕದಿದ್ದರೆ ಪೊಲೀಸರು ಅಂಗಡಿಗೇ ಬರುತ್ತಾರೆ." ಹಿಂದೆಯೇ ವಾಟ್ಸಾಪ್‌ಗೆ ಅಶೋಕ ಸ್ತಂಭದ ಮುದ್ರೆಯಿರುವ ಒಂದು ನೋಟಿಸ್, ಜೊತೆಗೆ ಒಂದು ಕ್ಯೂಆರ್ ಕೋಡ್. ಮರ್ಯಾದೆಗೆ ಅಂಜುವ ಮನುಷ್ಯ ಯಾರಿಗೂ ಹೇಳದೆ ಹಣ ಹಾಕುತ್ತಾರೆ. ವಾರ ಕಳೆಯುವುದರೊಳಗೆ ಮತ್ತೆ ಕರೆ ಬರುತ್ತದೆ, ಈ ಸಲ ಇನ್ನೂ ಹೆಚ್ಚು ಹಣಕ್ಕೆ.

ಇದು ಎಲ್ಲೋ ದೂರದ ಮಾತಲ್ಲ. ಸಾಲದ ಆ್ಯಪ್‌ಗಳ ಕಿರುಕುಳದ ಬಗ್ಗೆ ಬೆಂಗಳೂರು ಸೈಬರ್ ಪೊಲೀಸರು ದಾಖಲಿಸಿದ್ದ 18 ಎಫ್‌ಐಆರ್‌ಗಳ ಆಧಾರದ ಮೇಲೆ ಜಾರಿ ನಿರ್ದೇಶನಾಲಯವು 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಆರು ಕಡೆ ಶೋಧ ನಡೆಸಿ 17 ಕೋಟಿ ರೂಪಾಯಿ ವಶಪಡಿಸಿಕೊಂಡಿತು. ಚೀನಾದ ವ್ಯಕ್ತಿಗಳ ಹಿಡಿತದಲ್ಲಿದ್ದ ಕಂಪನಿಗಳು ಇಲ್ಲಿನವರ ದಾಖಲೆ ಬಳಸಿ ಅವರನ್ನು ಹೆಸರಿಗೆ ನಿರ್ದೇಶಕರನ್ನಾಗಿ ಮಾಡಿ ವ್ಯವಹಾರ ನಡೆಸುತ್ತಿದ್ದವು ಎಂದು ಆಗ ತಿಳಿಸಲಾಗಿತ್ತು. ಮರುವರ್ಷ ಬೆಂಗಳೂರಿನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಇಂತಹದೇ ಕಿರುಕುಳಕ್ಕೆ ಜೀವವನ್ನೇ ಕಳೆದುಕೊಂಡ. ಕೆಲವು ಸಾವಿರ ರೂಪಾಯಿಯ ವಿಷಯ ಮನೆಯಲ್ಲಿ ಹೇಳಿಕೊಳ್ಳಲಾಗದೆ ಮಕ್ಕಳು ಒಳಗೊಳಗೇ ಬೇಯುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ನಕಲಿ ವಸೂಲಿಗಾರರಲ್ಲಿ ಎರಡು ತರಹದವರಿದ್ದಾರೆ. ಸಾಲವನ್ನೇ ಪಡೆಯದವರಿಗೆ ಇಲ್ಲದ ಬಾಕಿ ತೋರಿಸಿ ಹೆದರಿಸುವವರು ಒಂದು ತರಹ. ಎರಡನೆಯವರು ನಿಜವಾಗಿ ಬಾಕಿ ಇರುವವರ ವಿವರವನ್ನು ಹೇಗೋ ಸಂಪಾದಿಸಿ, ಬ್ಯಾಂಕಿನವರಂತೆ ಮಾತನಾಡಿ ಹಣ ತಮ್ಮ ಖಾತೆಗೆ ಹಾಕಿಸಿಕೊಳ್ಳುವವರು. ಈ ಎರಡನೆಯವರೇ ಹೆಚ್ಚು ಅಪಾಯಕಾರಿ, ಏಕೆಂದರೆ ಸಾಲದ ಮೊತ್ತ, ತಾರೀಖು ಎಲ್ಲ ಸರಿಯಾಗಿಯೇ ಹೇಳುತ್ತಾರೆ. ಹಣ ಕಟ್ಟಿದರೂ ಬ್ಯಾಂಕಿನ ಲೆಕ್ಕದಲ್ಲಿ ಬಾಕಿ ಹಾಗೆಯೇ ನಿಂತಿರುತ್ತದೆ.

ಅಸಲಿ ಏಜೆಂಟರಿಗೆ ರಿಸರ್ವ್ ಬ್ಯಾಂಕ್ ಕಟ್ಟುಪಾಡು ಹಾಕಿದೆ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಮನೆಗೆ ಬಂದರೆ ಗುರುತಿನ ಚೀಟಿ, ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಎರಡೂ ಕೈಯಲ್ಲಿರಬೇಕು. ಯಾವ ಏಜೆನ್ಸಿಗೆ ವಸೂಲಿ ವಹಿಸಿದೆ ಎಂದು ಬ್ಯಾಂಕೇ ಸಾಲಗಾರನಿಗೆ ಮೊದಲು ತಿಳಿಸಬೇಕು. ಬೈಯುವುದು, ನೆಂಟರಿಷ್ಟರಿಗೆ ಫೋನ್ ಮಾಡಿ ಮಾನ ಕಳೆಯುವುದು ಬ್ಯಾಂಕಿನ ಏಜೆಂಟರಾದರೂ ಮಾಡುವಂತಿಲ್ಲ. ಸಾಲದ ಆ್ಯಪ್ ಫೋನಿನಲ್ಲಿರುವ ಹೆಸರುಗಳ ಪಟ್ಟಿ, ಫೋಟೋ ತೆಗೆದುಕೊಳ್ಳುವುದೂ ನಿಯಮಬಾಹಿರ. ಆ್ಯಪ್ ಮೂಲಕ ಪಡೆದ ಸಾಲದ ಕಂತು ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ನೇರ ಹೋಗಬೇಕು. ಯಾರೋ ಒಬ್ಬ ವ್ಯಕ್ತಿಯ ಹೆಸರಿನ ಯುಪಿಐಗೆ ಹಾಕಿ ಎಂದರೆ ಅಲ್ಲಿಗೇ ಮಾತು ನಿಲ್ಲಿಸುವುದು ಲೇಸು.

ಜೈಲಿನ ಬೆದರಿಕೆಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಸಾಲದ ಕಂತು ತಪ್ಪಿದ ಮಾತ್ರಕ್ಕೆ ಯಾರನ್ನೂ ಪೊಲೀಸರು ಬಂಧಿಸುವುದಿಲ್ಲ. ಅದು ಸಿವಿಲ್ ವ್ಯಾಜ್ಯ. ಕೊಟ್ಟ ಚೆಕ್ ಬೌನ್ಸ್ ಆದರೆ ಮಾತ್ರ 138ನೇ ಕಲಂ ಅಡಿ ಕ್ರಿಮಿನಲ್ ಪ್ರಕರಣವಾಗಬಹುದು. ಆದರೆ ಅಲ್ಲಿಯೂ ಮೊದಲು ಲಿಖಿತ ನೋಟಿಸ್ ಬರಬೇಕು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ ಕಾಲಾವಕಾಶ ಇರುತ್ತದೆ, ಆಮೇಲೆ ನ್ಯಾಯಾಲಯ. ಮಧ್ಯಾಹ್ನ ಫೋನ್, ಸಂಜೆ ವಾರೆಂಟ್ ಎಂಬುದು ಎಲ್ಲಿಯೂ ಇಲ್ಲ. 'ಡಿಜಿಟಲ್ ಅರೆಸ್ಟ್' ಎಂಬುದಂತೂ ಕಾನೂನಿನಲ್ಲೇ ಇಲ್ಲ.

ಜಾಮೀನಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಬಹಳ ಗೊಂದಲವಿದೆ. ಸಹಿ ಹಾಕಿದವನು ಮಾತ್ರ ಜಾಮೀನುದಾರ. ಸಾಲದ ಅರ್ಜಿಯಲ್ಲಿ ಪರಿಚಯದವರೆಂದು ಹೆಸರು ಬರೆದಿದ್ದರೆ, ಅಥವಾ ಫೋನಿನಲ್ಲಿ ನಂಬರ್ ಇದ್ದ ಮಾತ್ರಕ್ಕೆ, ದೊಡ್ಡಪ್ಪನಾಗಲಿ ಸೋದರಮಾವನಾಗಲಿ ಹಣ ಕಟ್ಟಬೇಕಾಗಿಲ್ಲ. ತೀರಿಹೋದ ತಂದೆಯ ಸಾಲವೂ ಅಷ್ಟೆ: ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಮಕ್ಕಳ ಹೊಣೆ. ಊರಿನ ಅಂಗಡಿಯ ಬಾಕಿಯನ್ನು ಮಕ್ಕಳು ಮರ್ಯಾದೆಗಾಗಿ ತೀರಿಸುವ ಪದ್ಧತಿ ಒಳ್ಳೆಯದೇ, ಆದರೆ ಆ ಒಳ್ಳೆಯತನವನ್ನೇ ಮೋಸಗಾರರು ಬಂಡವಾಳ ಮಾಡಿಕೊಂಡಿದ್ದಾರೆ.

ಕರೆ ಬಂದಾಗ ಹೌದು, ಇಲ್ಲ ಎಂದು ವಾದಕ್ಕೆ ಇಳಿಯಬಾರದು. ಸಂಸ್ಥೆಯ ಹೆಸರು, ಸಾಲದ ಖಾತೆ ಸಂಖ್ಯೆ, ಏಜೆನ್ಸಿಯ ಹೆಸರು ಕೇಳಿ ಬರೆದುಕೊಂಡು, "ಬರಹದಲ್ಲಿ ಕಳಿಸಿ" ಎಂದು ಫೋನ್ ಇಡಬೇಕು. ಆಧಾರ್, ಪ್ಯಾನ್, ಒಟಿಪಿ ಯಾವುದನ್ನೂ ಹೇಳಬಾರದು. ಅವರು ಕೊಟ್ಟ ನಂಬರಿಗೆ ತಿರುಗಿ ಕರೆ ಮಾಡುವ ಬದಲು ಪಾಸ್‌ಬುಕ್‌ನಲ್ಲಿರುವ ಶಾಖೆಯಲ್ಲೇ ವಿಚಾರಿಸಬೇಕು. ತಮ್ಮ ಹೆಸರಿನಲ್ಲಿ ಯಾವ ಸಾಲಗಳಿವೆ ಎಂದು ತಿಳಿಯಲು ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ವರದಿ ಪಡೆಯಬಹುದು. ಅಂಗಡಿಯ ಲೆಕ್ಕ ನೋಡುವ ದೀಪಾವಳಿ ಹೊತ್ತಿಗೆ ಇದನ್ನೂ ನೋಡುವ ರೂಢಿ ಮಾಡಿಕೊಂಡರೆ ಆಯಿತು.

ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಆ ಹಣವನ್ನು ಮುಂದಿನ ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು. ಬೆದರಿಕೆ ಮಾತ್ರ ಇದ್ದರೆ ಅಜ್ಜಂಪುರ ಠಾಣೆಯಲ್ಲಾಗಲಿ, ಚಿಕ್ಕಮಗಳೂರಿನ ಸಿಇಎನ್ ಠಾಣೆಯಲ್ಲಾಗಲಿ ದೂರು ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಲಿಗೆಗೆ 308, ಬೆದರಿಕೆಗೆ 351, ಪೊಲೀಸ್ ಅಥವಾ ಅಧಿಕಾರಿಯ ವೇಷಕ್ಕೆ 204ನೇ ಕಲಂ ಇದೆ. ಮೆಸೇಜು, ಫೋಟೋ ಹೇಸಿಗೆಯಾಗಿದ್ದರೂ ಅಳಿಸಬಾರದು, ಸಾಕ್ಷಿ ಅದೇ. ಅಸಲಿ ಬ್ಯಾಂಕಿನ ಏಜೆಂಟರೇ ಹದ್ದು ಮೀರಿದರೆ ಮೊದಲು ಬ್ಯಾಂಕಿಗೆ ಬರೆದುಕೊಟ್ಟು, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ಕಿರು ಸಾಲದ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆಯನ್ನೇ ಹೊರಡಿಸಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿದೆ.

ಇನ್ನೊಂದು ಮಾತು. ಯಾರದೋ ಫೋಟೋ ಹಾಕಿ 'ಸಾಲಗಾರ, ಮೋಸಗಾರ' ಎಂದು ಬರೆದ ಮೆಸೇಜ್ ಸಮಾಜದ ವಾಟ್ಸಾಪ್ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬಾರದು. ಗುಂಪಿನಲ್ಲಿ ಚರ್ಚೆ ಮಾಡದೆ ಆ ಮನೆಯ ಹಿರಿಯರೊಬ್ಬರಿಗೆ ನೇರ ಫೋನ್ ಮಾಡಿ, "ಹೀಗೊಂದು ಬಂದಿದೆ, ನಾವು ಯಾರೂ ನಂಬಿಲ್ಲ, ಠಾಣೆಗೆ ಜೊತೆಗೆ ಬರುತ್ತೇವೆ" ಎಂದು ಹೇಳಬೇಕು.